ಕಷ್ಟದ ಇಂಗ್ಲಿಷ್ ಪದಗಳು ತಲೆಯಲ್ಲಿ ನಿಲ್ಲುತ್ತಿಲ್ಲವೇ? ಕಲಿಯುವ ಕ್ರಮ ಬದಲಿಸಿ ನೋಡಿ

ಎಲ್ಲಿಂದಲೋ ಒಂದು ಪದಪಟ್ಟಿ ಸಿಗುತ್ತದೆ. ಎ ಅಕ್ಷರದಿಂದ ಬಾಯಿಪಾಠ ಶುರುವಾಗುತ್ತದೆ. ಅಬೇಟ್, ಅಬೆಟ್, ಅಬ್‌ಹಾರ್, ಅಬ್‌ಜ್ಯೂರ್ ಎಂದು ನಾಲ್ಕು ದಿನ ಜೋರಾಗಿ ಸಾಗುತ್ತದೆ. ಬಿ ಮುಗಿಯುವ ಹೊತ್ತಿಗೆ ಎ ಮರೆತಿರುತ್ತದೆ. ಸಿ ದಾಟಿದವರು ತುಂಬಾ ಕಡಿಮೆ.

ಇದಕ್ಕೆ ಕಾರಣ ನೆನಪಿನ ಶಕ್ತಿ ಕಮ್ಮಿ ಅನ್ನುವುದಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೇ. ನಾವು ಮೊದಲು ಪದ ಮತ್ತು ಅರ್ಥ ಉರು ಹೊಡೆದು, ಅದು ಎಲ್ಲಾದರೂ ಓದಿನಲ್ಲಿ ಸಿಗಲಿ ಎಂದು ಕಾಯುತ್ತೇವೆ. ಆಗಬೇಕಾದದ್ದು ಇದರ ಉಲ್ಟಾ. ಓದುವಾಗ ಪದ ಸಿಗಬೇಕು, ವಾಕ್ಯದ ಸಮೇತ ಅದನ್ನು ಎತ್ತಿಕೊಳ್ಳಬೇಕು, ಅರ್ಥ ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಕರ್ಟೇಲ್ ಎಂಬ ಒಂದೇ ಪದವನ್ನು ಮೊದಲಿಂದ ಕೊನೆಯವರೆಗೂ ಕರೆದೊಯ್ಯುತ್ತೇನೆ.

ಮೊದಲು ಬೇಕಾದ ಸಾಮಾನು

ಒಂದು ಲರ್ನರ್ಸ್ ಡಿಕ್ಷನರಿ ಬೇಕು. ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂವರದ್ದೂ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಲಾಂಗ್‌ಮನ್ ತನ್ನ ವಿವರಣೆಗಳನ್ನು ಸುಮಾರು 2,000 ಸರಳ ಪದಗಳಲ್ಲೇ ಬರೆಯುತ್ತದೆ. ಹೀಗಾಗಿ ಒಂದು ಅರ್ಥ ನೋಡಲು ಹೋಗಿ ಇನ್ನೂ ನಾಲ್ಕು ಅರ್ಥ ಹುಡುಕುವ ಗೋಳಿಲ್ಲ. ಮೊಬೈಲಿನಲ್ಲಿ ಹುಡುಕಿದ ತಕ್ಷಣ ಮೇಲೆ ಬರುವ ಒಂದು ಸಾಲಿನ ಅರ್ಥವನ್ನು ನಂಬಿ ಕೂರಬೇಡಿ.

ಎರಡನೆಯದು ಕಾರ್ಡುಗಳು. ಕಾಗದದ್ದಾದರೆ ಅಂಗೈಯಗಲದ ದಪ್ಪ ಹಾಳೆ ಸಾಕು. ಹಳೆ ಲಗ್ನಪತ್ರಿಕೆಗಳ ಖಾಲಿ ಭಾಗ ಕತ್ತರಿಸಿಕೊಂಡರೂ ನಡೆಯುತ್ತದೆ. ಫೋನಿನಲ್ಲೇ ಆಗಬೇಕು ಅನ್ನುವವರಿಗೆ ಆಂಕಿ ಎಂಬ ಆ್ಯಪ್ ಇದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು ಕೊಡಬೇಕು.

ಮೂರನೆಯದು ಓದಲು ಏನಾದರೂ. ಇದೇ ಮುಖ್ಯ, ಇದನ್ನೇ ಹೆಚ್ಚಿನವರು ಬಿಡುತ್ತಾರೆ.

ಹಂತ 1: ನಿಮ್ಮ ಮಟ್ಟ ಪತ್ತೆಮಾಡಿ

ನೀವು ಓದಬೇಕೆಂದಿರುವ ಇಂಗ್ಲಿಷ್ ಬರಹದಿಂದ ಸುಮಾರು 100 ಪದಗಳ ಒಂದು ತುಂಡು ತೆಗೆದುಕೊಳ್ಳಿ. ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್ ಗುರುತು ಹಾಕಿ. ಎರಡು ಮೂರು ಗುರುತು ಬಿದ್ದರೆ ಆ ಬರಹ ನಿಮ್ಮ ಮಟ್ಟಕ್ಕೆ ಸರಿ. ಐದಕ್ಕಿಂತ ಜಾಸ್ತಿ ಬಿದ್ದರೆ ಅದು ಈಗ ಬೇಡ, ಇನ್ನೂ ಸುಲಭದ್ದು ಹುಡುಕಿ. ಒಂದೂ ಬೀಳದಿದ್ದರೆ ಓದಿ ಖುಷಿಪಡಿ, ಪದ ಸಿಗುವುದಿಲ್ಲ.

ಅಂದಾಜಿಗೆ ಒಂದು ಲೆಕ್ಕ ಹೇಳುತ್ತೇನೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ತೋರಿಸಿದ ಪ್ರಕಾರ, ಇಂಗ್ಲಿಷ್ ಪತ್ರಿಕೆ ಮತ್ತು ಕಾದಂಬರಿಗಳನ್ನು ಯಾರ ನೆರವಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಪದಕುಟುಂಬ ಅಂದರೆ ಕರ್ಟೇಲ್, ಕರ್ಟೇಲ್ಡ್, ಕರ್ಟೇಲ್‌ಮೆಂಟ್ ಎಲ್ಲ ಸೇರಿ ಒಂದು. ಸಂಖ್ಯೆ ನೋಡಿ ಹೆದರಬೇಡಿ. ಪಿಯುಸಿ, ಡಿಗ್ರಿ ಮುಗಿಸಿದವರು ಸೊನ್ನೆಯಿಂದ ಶುರುಮಾಡಬೇಕಿಲ್ಲ, ಅರ್ಧದಾರಿ ಎಷ್ಟೋ ಸಲ ಆಗಲೇ ಮುಗಿದಿರುತ್ತದೆ.

ಹಂತ 2: ಯಾವ ಪದ ಬೇಕು, ಯಾವುದು ಬೇಡ

ಸಿಕ್ಕಿದ ಪದವನ್ನೆಲ್ಲ ಬರೆದುಕೊಳ್ಳುವುದು ದೊಡ್ಡ ತಪ್ಪು. ಇಂಗ್ಲಿಷಿನಲ್ಲಿ ಎಷ್ಟೋ ಪದಗಳು ನಿಮ್ಮ ಇಡೀ ಜೀವನದಲ್ಲಿ ಎರಡು ಸಲ ಎದುರಾದರೆ ಹೆಚ್ಚು. ಚಂದದ ಪದ, ಅಪರೂಪದ ಪದ, ಗೆಳೆಯರ ಮುಂದೆ ಬಿಟ್ಟರೆ ಹುಬ್ಬೇರಿಸುವ ಪದ, ಇವೆಲ್ಲ ಆಮೇಲೆ.

ಮೊದಲು ಎಲ್ಲ ವಿಷಯಗಳ ಬರಹದಲ್ಲೂ ಸುತ್ತಾಡುವ ಪದಗಳು ಬೇಕು. ಇದಕ್ಕೆ ಒಳ್ಳೆಯ ಆಧಾರ ಅಕಾಡೆಮಿಕ್ ವರ್ಡ್ ಲಿಸ್ಟ್. ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿದ್ದ ಏವ್ರಿಲ್ ಕಾಕ್ಸ್‌ಹೆಡ್ ಮಾಡಿದ ಪಟ್ಟಿ ಇದು. 2000ದಲ್ಲಿ ಪ್ರಕಟವಾಯಿತು. ಇದರಲ್ಲಿರುವುದು 570 ಪದಕುಟುಂಬ ಮಾತ್ರ. ಆದರೆ ಕಾಲೇಜು ಮಟ್ಟದ ಓದಿನಲ್ಲಿ ಬರುವ ಪದಗಳಲ್ಲಿ ಸುಮಾರು 10ರಲ್ಲಿ ಒಂದು ಈ ಪಟ್ಟಿಯದ್ದೇ. ಆಲ್ಬೀಟ್, ವೇರ್‌ಬೈ, ನಾಟ್‌ವಿತ್‌ಸ್ಟ್ಯಾಂಡಿಂಗ್ ಇವೆಲ್ಲ ಇದರಲ್ಲಿವೆ. ಇವು ಗೊತ್ತಿಲ್ಲದೆ ಸಂಪಾದಕೀಯ ಓದಲು ಹೋದರೆ ವಾಕ್ಯದ ಬೆನ್ನೆಲುಬೇ ಕೈಗೆ ಸಿಗುವುದಿಲ್ಲ.

ಹಾಗಂತ ಈ ಪಟ್ಟಿಯನ್ನೂ ಬಾಯಿಪಾಠ ಮಾಡಬೇಡಿ! ಜರಡಿಯಾಗಿ ಬಳಸಿ. ಓದುವಾಗ ಸಿಕ್ಕ ಪದ ಇದರಲ್ಲಿದ್ದರೆ ಕಣ್ಣುಮುಚ್ಚಿ ಕಾರ್ಡ್ ಮಾಡಿ. ಇಲ್ಲದಿದ್ದರೆ ಎರಡನೇ ಸಲ ಬೇರೆ ಬರಹದಲ್ಲಿ ಸಿಗುವವರೆಗೆ ಕಾಯಿರಿ. ಕರ್ಟೇಲ್ ಈ ಪಟ್ಟಿಯಲ್ಲಿಲ್ಲ, ಆದರೆ ಸುದ್ದಿ ಓದುವವರಿಗೆ ಬೇಗನೆ ಎರಡನೇ ಸಲವೂ ಸಿಗುತ್ತದೆ. ಆಗ ಒಳಗೆ ಬಿಟ್ಟುಕೊಳ್ಳಿ.

ದಿನಕ್ಕೆ ಐದು ಹೊಸ ಪದ ಸಾಕು. ವಾರಕ್ಕೆ ಆರು ದಿನ ಹಿಡಿದರೆ ತಿಂಗಳಿಗೆ 120ರ ಮೇಲಾಯಿತು, ಕಮ್ಮಿಯೇನಲ್ಲ. ದಿನಕ್ಕೆ 50 ಎಂದು ಹೊರಟವರು ಹತ್ತನೇ ದಿನಕ್ಕೆ ಹಳೆಯ 500 ಕಾರ್ಡುಗಳ ಕೆಳಗೆ ಸಿಕ್ಕಿಕೊಂಡಿರುತ್ತಾರೆ.

ಹಂತ 3: ವಾಕ್ಯದ ಸಮೇತ ಎತ್ತಿಕೊಳ್ಳಿ

ಕನ್ನಡ ಓದುವವರಿಗೆ ಇಲ್ಲೊಂದು ಅನುಕೂಲ ಇದೆ, ಬಳಸಿಕೊಳ್ಳಿ. ಮೊದಲು ಸುದ್ದಿಯನ್ನು ಕನ್ನಡದಲ್ಲಿ ಓದಿ, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳು. ಒಂದು ಇನ್ನೊಂದರ ಅನುವಾದವಲ್ಲ, ಆದರೆ ರಾಜ್ಯದ ದೊಡ್ಡ ಸುದ್ದಿ ಎರಡರಲ್ಲೂ ಇರುತ್ತದೆ. ವಿಷಯ ಆಗಲೇ ಗೊತ್ತಿರುವುದರಿಂದ ಇಂಗ್ಲಿಷ್ ಓದುವಾಗ ತಲೆ ಪದದ ಕಡೆಗೆ ಹರಿಯುತ್ತದೆ.

ಕನ್ನಡದಲ್ಲಿ ‘ರಾಜ್ಯಪಾಲರ ಅಧಿಕಾರ ಮೊಟಕು’ ಎಂಬ ತಲೆಬರಹ ಓದಿದಿರಿ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ‘ದ ಬಿಲ್ ಸೀಕ್ಸ್ ಟು ಕರ್ಟೇಲ್ ದ ಪವರ್ಸ್ ಆಫ್ ದ ಗವರ್ನರ್’ ಎಂಬ ಸಾಲು ಸಿಕ್ಕಿತು. ನಿಘಂಟು ತೆರೆಯುವ ಮೊದಲು ಒಂದು ಊಹೆ ಮಾಡಿ. ಮಸೂದೆ, ಅಧಿಕಾರ, ರಾಜ್ಯಪಾಲ ಎಲ್ಲ ಗೊತ್ತು. ನಡುವೆ ಇರುವ ಕ್ರಿಯಾಪದ ಏನಿರಬಹುದು? ಹೆಚ್ಚಿಸುವುದೋ, ಕತ್ತರಿಸುವುದೋ? ಊಹೆ ತಪ್ಪಾದರೂ ಚಿಂತೆಯಿಲ್ಲ. ತಲೆ ಒಮ್ಮೆ ತಡಕಾಡಿದ ಪದ ಸುಲಭವಾಗಿ ಜಾರುವುದಿಲ್ಲ.

ಇಡೀ ವಾಕ್ಯ ಬರೆದುಕೊಳ್ಳಿ. ಉದ್ದವಿದ್ದರೆ ಕತ್ತರಿಸಿ, ಆದರೆ ಪದದ ಎಡಬಲದ ನಾಲ್ಕೈದು ಪದ ಬಿಡಬೇಡಿ.

ಹಂತ 4: ನಿಘಂಟಿನಲ್ಲಿ ಅರ್ಥ ಒಂದನ್ನೇ ನೋಡಬೇಡಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಮೊದಲು ಸ್ಪೀಕರ್ ಗುರುತು ಒತ್ತಿ ಉಚ್ಚಾರ ಕೇಳಿ. ಇಂಗ್ಲಿಷ್ ಕಾಗುಣಿತ ನೋಡಿ ಓದಲು ಹೋದರೆ ಕೆಡುತ್ತೇವೆ. ಎಪಿಟೋಮ್ ಎಂದು ಓದುವುದು ನಿಜಕ್ಕೂ ‘ಇಪಿಟಮಿ’. ಹೈಪರ್‌ಬೋಲ್ ಎನ್ನುವುದು ‘ಹೈಪರ್ಬಲಿ’. ಇಂಡಿಕ್ಟ್ ಎಂದು ಕಾಣುವುದು ‘ಇಂಡೈಟ್’. ಸಟಲ್, ಡೆಟ್ ಎರಡರಲ್ಲೂ ಬಿ ಮೌನ. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಆದರೆ ಒತ್ತು ಎಲ್ಲಿ ಬೀಳುತ್ತದೆ ಎಂಬುದು ನಮ್ಮ ಲಿಪಿಯಲ್ಲಿ ಕಾಣುವುದಿಲ್ಲ. ಅಲ್ಲಿ ಅಡಿಗೆರೆ ಎಳೆಯಿರಿ. ಕರ್ಟೇಲ್‌ನಲ್ಲಿ ‘ಟೇಲ್’ ಮೇಲೆ ಒತ್ತು.

ಆಮೇಲೆ ಅರ್ಥ. ಅದರಲ್ಲೂ ನಿಮ್ಮ ವಾಕ್ಯಕ್ಕೆ ಹೊಂದುವ ಅರ್ಥ ಮಾತ್ರ. ಸ್ಯಾಂಕ್ಷನ್ ಎಂಬ ಪದ ತೆಗೆದುಕೊಳ್ಳಿ. ‘ಲೋನ್ ಸ್ಯಾಂಕ್ಷನ್ ಆಯ್ತು’ ಎಂದು ಊರಲ್ಲೆಲ್ಲ ಹೇಳುತ್ತೇವೆ, ಅಲ್ವಾ? ಅಂದರೆ ಮಂಜೂರಾತಿ. ಅದೇ ಪದ ವಿದೇಶ ಸುದ್ದಿಯಲ್ಲಿ ಒಂದು ದೇಶದ ಮೇಲೆ ಹೇರಿದ ನಿರ್ಬಂಧ ಆಗುತ್ತದೆ. ಹತ್ತಿರ ಹತ್ತಿರ ವಿರುದ್ಧಾರ್ಥ! ಓವರ್‌ಸೈಟ್ ಕೂಡ ಇದೇ ಜಾತಿ. ಒಂದು ಕಡೆ ಮೇಲ್ವಿಚಾರಣೆ, ಇನ್ನೊಂದು ಕಡೆ ಕಣ್ತಪ್ಪು. ಕನ್ನಡದ ಮಾತಿನಲ್ಲಿ ಆಗಲೇ ಸೇರಿಹೋಗಿರುವ ಇಂಗ್ಲಿಷ್ ಪದಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಗೊತ್ತಿದೆ ಎಂದುಕೊಂಡು ನಿಘಂಟು ತೆರೆಯುವುದೇ ಇಲ್ಲ ನಾವು.

ಮೂರನೆಯದಾಗಿ ಅರ್ಥದ ಪಕ್ಕದ ಸಣ್ಣ ಅಕ್ಷರ. ಫಾರ್ಮಲ್, ಲಿಟರರಿ, ಓಲ್ಡ್-ಫ್ಯಾಷನ್ಡ್, ಡಿಸ್‌ಅಪ್ರೂವಿಂಗ್ ಎಂದೆಲ್ಲ ಬರೆದಿರುತ್ತದೆ. ಇದನ್ನು ಓದದೆ ಸಭೆಯಲ್ಲಿ ಮುಖ್ಯ ಅತಿಥಿಗಳನ್ನು ನೋಟೋರಿಯಸ್ ಎಂದರೆ ಮುಗಿಯಿತು ಕಥೆ. ಹೆಸರುವಾಸಿ ಹೌದು, ಆದರೆ ಕೆಟ್ಟದ್ದಕ್ಕೆ. ಕಾಂಪ್ಲೇಸೆಂಟ್ ಎಂಬುದಕ್ಕೆ ‘ಸಂತೃಪ್ತ’ ಎಂದು ಬರೆದುಕೊಂಡವರಿದ್ದಾರೆ. ನಿಜವಾಗಿ ಅದು ಬೈಗುಳದ ಕಡೆಗಿರುವ ಪದ. ಎಲ್ಲ ಸರಿಯಿದೆ ಎಂದು ಮೈಮರೆತು ಕೂತವನಿಗೆ ಹಾಗನ್ನುತ್ತಾರೆ.

ನಾಲ್ಕನೆಯದು ಜೊತೆಗಾರ ಪದಗಳು. ನಾವು ‘ಕಡಕ್ ಟೀ’ ಎನ್ನುತ್ತೇವೆ, ‘ಜೋರು ಮಳೆ’ ಎನ್ನುತ್ತೇವೆ. ಕಡಕ್ ಮಳೆ, ಜೋರು ಟೀ ಎಂದರೆ ನಗು ಬರುತ್ತದೆ. ಇಂಗ್ಲಿಷಿನಲ್ಲೂ ಟೀ ಸ್ಟ್ರಾಂಗ್, ಮಳೆ ಹೆವಿ. ಕರ್ಟೇಲ್‌ನ ಜೊತೆ ಬರುವುದು ಅಧಿಕಾರ, ಹಕ್ಕು, ಸ್ವಾತಂತ್ರ್ಯ, ಖರ್ಚು, ಪ್ರವಾಸ ಇಂಥವು. ಕೂದಲನ್ನೋ ಬಳ್ಳಿಯನ್ನೋ ಯಾರೂ ಕರ್ಟೇಲ್ ಮಾಡುವುದಿಲ್ಲ. ನಿಘಂಟಿನ ಉದಾಹರಣೆಗಳು ಸಾಲದಿದ್ದರೆ ಸ್ಕೆಲ್ (SkELL) ಎಂಬ ಉಚಿತ ತಾಣದಲ್ಲಿ ಪದ ಹಾಕಿ. ಹತ್ತಾರು ನಿಜವಾದ ವಾಕ್ಯಗಳು ಸಿಗುತ್ತವೆ. ಎರಡು ಜೊತೆಗಾರರನ್ನು ಬರೆದುಕೊಂಡರೆ ಸಾಕು.

ಕೊನೆಗೆ ವ್ಯಾಕರಣ. ಹಿಂದೆ ಮುಂದೆ ಯಾವ ಸಣ್ಣ ಪದ ಬರುತ್ತದೆ ಎಂದು ನೋಡಿ. ಕನ್ನಡದ ವಿಭಕ್ತಿ ನಮ್ಮ ಇಂಗ್ಲಿಷಿನೊಳಗೆ ನುಸುಳುವುದು ಇಲ್ಲೇ. ‘ಬಗ್ಗೆ ಚರ್ಚಿಸು’ ಎಂಬುದು ‘ಡಿಸ್ಕಸ್ ಅಬೌಟ್’ ಆಗುತ್ತದೆ. ಅಬೌಟ್ ಬೇಡ. ‘ಮೇಲೆ ಒತ್ತು ಕೊಡು’ ಎಂಬುದು ‘ಎಂಫಸೈಸ್ ಆನ್’ ಆಗುತ್ತದೆ. ಆನ್ ಬೇಡ. ನಾಮಪದ ಎಂಫಸಿಸ್ ಆದರೆ ಆನ್ ಬೇಕು. ಇಂಥದ್ದನ್ನು ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಇಷ್ಟೆಲ್ಲಕ್ಕೆ ಒಂದು ಪದಕ್ಕೆ ನಾಲ್ಕೈದು ನಿಮಿಷ ಬೇಕಾಗುತ್ತದೆ. ದಿನಕ್ಕೆ ಐದೇ ಪದ ಎಂದದ್ದು ಇದಕ್ಕೇ.

ಹಂತ 5: ಕನ್ನಡದಲ್ಲಿ ಒಂದು ಮಾತು ಹುಡುಕಿ

‘ಇಂಗ್ಲಿಷಿನಲ್ಲೇ ಯೋಚಿಸಿ, ಮಾತೃಭಾಷೆ ಬಿಡಿ’ ಎಂಬ ಉಪದೇಶ ಬೇಕಾದಷ್ಟು ಕೇಳಿರುತ್ತೀರಿ. ಕಿವಿಗೆ ಹಾಕಿಕೊಳ್ಳಬೇಡಿ. ಕನ್ನಡದ ಅರ್ಥ ಪದವನ್ನು ಬೇಗ ಕೂರಿಸುತ್ತದೆ. ಆದರೆ ಅದು ಸಂಸ್ಕೃತದ ಮುಸುಕು ಹಾಕಿದ ಪದ ಆಗಬಾರದು, ನೀವು ಬಾಯಲ್ಲಿ ಆಡುವ ಮಾತಾಗಬೇಕು.

ಕರ್ಟೇಲ್‌ಗೆ ‘ಮೊಟಕುಗೊಳಿಸು’ ಹೇಳಿ ಮಾಡಿಸಿದಂತಿದೆ. ಇವೇಸಿವ್ ಎಂಬುದಕ್ಕೆ ‘ಹಾರಿಕೆಯ’. ಹಾರಿಕೆಯ ಉತ್ತರ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಅದರ ಜೊತೆಗಾರರಲ್ಲಿ ಒಂದು ಆನ್ಸರ್. ವ್ಯಾಸಿಲೇಟ್ ಅಂದರೆ ಮೀನಮೇಷ ಎಣಿಸುವುದು. ರಿಲಕ್ಟಂಟ್ ಅಂದರೆ ಒಲ್ಲದ ಮನಸ್ಸಿನ. ಯುಬಿಕ್ವಿಟಸ್ ಅಂದರೆ ಎಲ್ಲಿ ನೋಡಿದರೂ ಕಾಣುವ. ಇಂಥ ಜೋಡಿ ಸಿಕ್ಕರೆ ಅರ್ಧ ಕೆಲಸ ಆಯಿತು. ಎಲ್ಲ ಪದಕ್ಕೂ ಸಿಗುವುದಿಲ್ಲ. ಸಿಗದಿದ್ದರೆ ಒಂದು ಸಣ್ಣ ಸಾಲು ಬರೆಯಿರಿ, ಎಳೆದು ತಂದು ಕೂರಿಸಬೇಡಿ.

ಹಂತ 6: ಕಾರ್ಡ್ ಬರೆಯುವುದು

ಮುಂಬದಿಯಲ್ಲಿ ಪದ, ಹಿಂಬದಿಯಲ್ಲಿ ಅರ್ಥ ಎಂದು ಬರೆಯುವವರೇ ಹೆಚ್ಚು. ಹಾಗೆ ಮಾಡಿದರೆ ಪದ ಕಂಡಾಗ ಗುರುತು ಹಿಡಿಯುತ್ತೀರಿ, ಬೇಕಾದಾಗ ಬಾಯಿಗೆ ಬರುವುದಿಲ್ಲ. ಮುಂಬದಿಯಲ್ಲಿ ಇಂಗ್ಲಿಷ್ ವಾಕ್ಯ ಬರೆದು ಪದದ ಜಾಗ ಖಾಲಿ ಬಿಡಿ. ಮೊದಲ ಅಕ್ಷರ ಮಾತ್ರ ಕೊಡಿ. ಕೆಳಗೆ ಕನ್ನಡದ ಸುಳಿವು. ಹಿಂಬದಿಯಲ್ಲಿ ಪದ, ಉಚ್ಚಾರ, ಎರಡು ಜೊತೆಗಾರರು, ಕೆಂಪು ಶಾಯಿಯ ಎಚ್ಚರಿಕೆ.

ಇಂಟರ್ನೆಟ್ಟಿನಲ್ಲಿ ಬೇರೆಯವರು ಮಾಡಿಟ್ಟ 3,000 ಕಾರ್ಡುಗಳ ಕಟ್ಟು ಸಿಗುತ್ತದೆ. ಸುಮ್ನೆ ಆಸೆಪಡಬೇಡಿ. ಕಾರ್ಡ್ ಬರೆಯುವ ಕೆಲಸದಲ್ಲೇ ಕಲಿಕೆಯ ದೊಡ್ಡ ಪಾಲು ಇದೆ.

ಹಂತ 7: ಮರೆಯುವ ಹೊತ್ತಿಗೆ ಮತ್ತೆ ನೋಡಿ

ಐದು ಡಬ್ಬಿ ಅಥವಾ ಐದು ಲಕೋಟೆ ಇಟ್ಟುಕೊಳ್ಳಿ. ಹೊಸ ಕಾರ್ಡು ಒಂದನೆಯದಕ್ಕೆ. ಅದನ್ನು ದಿನವೂ ನೋಡಬೇಕು. ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಉತ್ತರ ಸರಿ ಬಂದರೆ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಾದರೆ ಎಲ್ಲಿದ್ದರೂ ಸೀದಾ ಒಂದನೆಯದಕ್ಕೆ. ಇದಕ್ಕೆ ಲೈಟ್ನರ್ ಪದ್ಧತಿ ಎನ್ನುತ್ತಾರೆ. ಆಂಕಿಯಲ್ಲಿ ಡಬ್ಬಿಗಳಿಲ್ಲ, ಯಾವ ಕಾರ್ಡು ಯಾವಾಗ ಎಂಬ ಲೆಕ್ಕವನ್ನು ಅದು ತನ್ನದೇ ರೀತಿಯಲ್ಲಿ ಮಾಡುತ್ತದೆ.

ಉತ್ತರವನ್ನು ಜೋರಾಗಿ ಹೇಳಿ, ಆಮೇಲೆ ತಿರುಗಿಸಿ. ‘ಹಾಂ, ಇದು ಗೊತ್ತಿತ್ತು’ ಎಂದು ಹಿಂಬದಿ ನೋಡಿದ ಮೇಲೆ ಅನ್ನಿಸಿದರೆ ಅದು ಗೊತ್ತಿತ್ತು ಎಂದಲ್ಲ, ತಪ್ಪು ಎಂದೇ ಲೆಕ್ಕ. ಹಳೆಯದನ್ನು ಮುಗಿಸದೆ ಹೊಸ ಪದಕ್ಕೆ ಕೈಹಾಕಬೇಡಿ.

ಹಂತ 8: ಬಳಸಿ ನೋಡಿ

ಮೂರನೇ ಡಬ್ಬಿ ತಲುಪಿದ ಪದಗಳನ್ನು ವಾರಕ್ಕೊಮ್ಮೆ ತೆಗೆದು, ನಿಮ್ಮದೇ ಜೀವನದ ವಾಕ್ಯ ಬರೆಯಿರಿ. ಮಗಳ ಫೀಸು ಕಟ್ಟಲು ಯಾವ ಖರ್ಚು ಕರ್ಟೇಲ್ ಮಾಡಿದಿರಿ, ಮಳೆಯಿಂದ ಯಾವ ಪ್ರವಾಸ ಕರ್ಟೇಲ್ ಆಯಿತು. ಬರೆದದ್ದನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ತೋರಿಸಿ. ಯಾರೂ ಸಿಗದಿದ್ದರೆ ಚಾಟ್‌ಬಾಟ್‌ಗೆ ‘ಈ ವಾಕ್ಯ ಸಹಜವಾಗಿದೆಯೇ’ ಎಂದು ಕೇಳಬಹುದು. ಅದು ಹೇಳಿದ್ದನ್ನು ನಿಘಂಟಿನ ಉದಾಹರಣೆಗೆ ತಾಳೆ ಹಾಕಿ ನೋಡಿ.

ಆಫೀಸಿನ ಇಮೇಲಿನಲ್ಲಿ ಹೊಸ ಪದ ತುರುಕುವ ಹುಮ್ಮಸ್ಸು ಬೇಡ. ಯೂಸ್ ಸಾಕಾದ ಕಡೆ ಯುಟಿಲೈಸ್ ಬರೆದರೆ ಯಾರೂ ಮೆಚ್ಚುವುದಿಲ್ಲ. ಸರಳ ಪದ ಹೇಳಲಾರದ್ದನ್ನು ಹೇಳುವಾಗ ಮಾತ್ರ ದೊಡ್ಡ ಪದ.

ಪದೇಪದೇ ಆಗುವ ತಪ್ಪುಗಳು

ಸಮಾನಾರ್ಥಕ ಪದಗಳನ್ನು ಗುಂಪಾಗಿ ಕಲಿಯುವುದು ಮೊದಲನೆಯದು. ಹ್ಯಾಪಿಗೆ ಇಪ್ಪತ್ತು ಪದ, ಸ್ಯಾಡ್‌ಗೆ ಇಪ್ಪತ್ತು ಪದ ಎಂಬ ಚಾರ್ಟುಗಳು ನೋಡಲು ಚೆನ್ನಾಗಿರುತ್ತವೆ. ಹೊಸದಾಗಿ ಕಲಿಯುವಾಗ ಒಂದೇ ಅರ್ಥದವು ಒಟ್ಟಿಗೆ ಬಂದರೆ ಒಂದಕ್ಕೊಂದು ಕಲಸಿಹೋಗುತ್ತವೆ. ರೂಪ ಹೋಲುವ ಪದಗಳ ಕಥೆಯೂ ಅದೇ. ಅಬೇಟ್ ಅಂದರೆ ತಗ್ಗು, ಅಬೆಟ್ ಅಂದರೆ ಅಪರಾಧಕ್ಕೆ ಕುಮ್ಮಕ್ಕು ಕೊಡು. ಅಕ್ಷರಮಾಲೆಯ ಪಟ್ಟಿ ಇವೆರಡನ್ನೂ ಒಂದೇ ದಿನ ತಂದು ಸುರಿಯುತ್ತದೆ. ಎಮಿನಂಟ್, ಇಮಿನಂಟ್ ಕೂಡ ಹಾಗೇ. ಒಂದು ಗಟ್ಟಿಯಾಗಿ, ನಾಲ್ಕನೇ ಡಬ್ಬಿ ತಲುಪಿದ ಮೇಲೆ ಇನ್ನೊಂದನ್ನು ಮುಟ್ಟಿ.

ಪದದ ಬೇರುಗಳ ಮೇಲೆ ಪೂರ್ತಿ ನಂಬಿಕೆ ಇಡುವುದು ಎರಡನೆಯದು. ಬೆನೆ ಅಂದರೆ ಒಳ್ಳೆಯದು, ಮ್ಯಾಲ್ ಅಂದರೆ ಕೆಟ್ಟದ್ದು ಎಂದು ತಿಳಿದಿರುವುದು ಉಪಯೋಗವೇ. ಆದರೆ ಇನ್ ಬಂದಲ್ಲೆಲ್ಲ ‘ಇಲ್ಲ’ ಎಂದು ಓದಿದರೆ ಇನ್‌ವ್ಯಾಲ್ಯುಬಲ್ ಬೆಲೆಯಿಲ್ಲದ್ದಾಗುತ್ತದೆ, ಇನ್‌ಫ್ಲೇಮಬಲ್ ಬೆಂಕಿ ಹತ್ತದ್ದಾಗುತ್ತದೆ. ಮೊದಲನೆಯದು ಬೆಲೆಕಟ್ಟಲಾಗದ್ದು, ಎರಡನೆಯದು ಚಕ್ಕನೆ ಹೊತ್ತಿಕೊಳ್ಳುವಂಥದ್ದು. ಗ್ಯಾಸ್ ಟ್ಯಾಂಕರಿನ ಪಕ್ಕ ನಿಂತು ಈ ತಪ್ಪು ಮಾಡಬಾರದು.

ದಾರಿ ತಪ್ಪಿದೆ ಎನ್ನಲು ಗುರುತುಗಳು

ಕಾರ್ಡಿನಲ್ಲಿ ಪದ ಸರಿ ಬರುತ್ತದೆ, ಪತ್ರಿಕೆಯಲ್ಲಿ ಅದೇ ಪದ ಕಂಡರೆ ನಿಲ್ಲುತ್ತೀರಿ. ಹಾಗಾದರೆ ನೀವು ಪದ ಕಲಿತಿಲ್ಲ, ಕಾರ್ಡು ಕಲಿತಿದ್ದೀರಿ. ಮುಂಬದಿಯ ವಾಕ್ಯ ಬದಲಿಸಿ ಬರೆಯಿರಿ.

ಒಂದೇ ಕಾರ್ಡು ಮತ್ತೆಮತ್ತೆ ಒಂದನೇ ಡಬ್ಬಿಗೆ ಬೀಳುತ್ತಿದ್ದರೆ ಉರು ಹೊಡೆದು ಪ್ರಯೋಜನವಿಲ್ಲ. ಹಂತ 4ಕ್ಕೆ ಮರಳಿ ಬೇರೆ ಉದಾಹರಣೆ ಹುಡುಕಿ. ಆಗಲೂ ಬೀಳುತ್ತಿದ್ದರೆ ಹರಿದು ಹಾಕಿ. ಬೇಕಾದ ಪದವಾದರೆ ಓದಿನಲ್ಲಿ ತಾನಾಗಿ ಮತ್ತೆ ಬರುತ್ತದೆ.

ಕಾರ್ಡಿಗೆ ಕೊಡುವ ಸಮಯ ಓದಿಗೆ ಕೊಡುವ ಸಮಯಕ್ಕಿಂತ ಹೆಚ್ಚಾಗಿದ್ದರೆ ಒಂದು ವಾರ ಹೊಸ ಪದ ನಿಲ್ಲಿಸಿ, ಬರೀ ಓದಿ.

ಪರೀಕ್ಷೆ ಹತ್ತಿರವಿದ್ದರೆ

ಎಲ್ಲ ಪರೀಕ್ಷೆಗೂ ಒಂದೇ ತಯಾರಿ ಅಲ್ಲ. ಕೇಂದ್ರ ಸರ್ಕಾರದ ನೌಕರಿಗೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ಹಲವು ಪದಕ್ಕೆ ಒಂದು ಪದ, ನುಡಿಗಟ್ಟು ನೇರವಾಗಿ ಬರುತ್ತವೆ. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೇ ಒಳ್ಳೆಯ ಪದಪಟ್ಟಿ. ವಿದೇಶದಲ್ಲಿ ಉನ್ನತ ಓದಿಗೆ ಹೋಗುವವರು ಬರೆಯುವ ಜಿಆರ್‌ಇಯಲ್ಲಿ ವಿರುದ್ಧಾರ್ಥಕದ ಪ್ರಶ್ನೆಗಳು 2011ರಲ್ಲೇ ಹೋದವು. ಈಗ ವಾಕ್ಯದ ಖಾಲಿ ಜಾಗಕ್ಕೆ ಪದ ಕೂರಿಸಬೇಕು. ಹಳೆಯ ಗೈಡು ಹಿಡಿದು ಜೋಡಿಪದ ಉರು ಹೊಡೆಯುವವರು ಇನ್ನೂ ಇದ್ದಾರೆ. ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್‌ಗೆ ಅಪರೂಪದ ಪದಕ್ಕಿಂತ ಜೊತೆಗಾರ ಪದಗಳು ಸರಿಯಿರುವುದು ಮುಖ್ಯ.

ಒಂದೇ ತಿಂಗಳು ಉಳಿದಿದ್ದರೆ ಹಂತ 8 ಬಿಡಿ, ದಿನಕ್ಕೆ ಹತ್ತು ಪದಕ್ಕೆ ಏರಿಸಿ. ಕೊನೆಯ ವಾರ ಹೊಸದು ಒಂದೂ ಬೇಡ.

ನಡುವೆ ಬಿಟ್ಟುಹೋದರೆ

ಮದುವೆ, ಹಬ್ಬ, ಜ್ವರ ಎಂದು ಹದಿನೈದು ದಿನ ಬಿಟ್ಟುಹೋಗುವುದು ಇದ್ದದ್ದೇ. ಮರಳಿ ಬಂದಾಗ ರಾಶಿ ಬಿದ್ದ ಕಾರ್ಡುಗಳನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ಹೊಸ ಪದ ನಿಲ್ಲಿಸಿ, ದಿನಕ್ಕೆ 30 ಕಾರ್ಡಿನಂತೆ ಒಂದನೇ ಡಬ್ಬಿಯಿಂದ ಶುರುಮಾಡಿ. ನಾಲ್ಕು, ಐದನೇ ಡಬ್ಬಿಗಳು ಕಾಯುತ್ತವೆ. ರಾಶಿ ಕರಗಿದ ಮೇಲೆ ಮತ್ತೆ ಐದು ಹೊಸ ಪದ.